ಕುರು ಮತ್ತು ಗುಳಿಗೆ

(ತಳಕಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಟಿ.ಎಸ್. ವೆಂಕಣ್ಣಯ್ಯ, ತ.ರಾ. ಸುಬ್ಬರಾವ್ ಇವರ ಮನೆತನದ ಊರಿನಲ್ಲಿ ದತ್ತಿ ಉಪನ್ಯಾಸ ಅಂದರೆ ಜನ ಕಾವ್ಯ ಕಾದಂಬರಿಯ ಮಾತು ಕೇಳಲು ಬಂದಿರುತ್ತಾರೆ. ನಾನು ಕೀವಿನ ವಿಷಯ ಎತ್ತಿಕೊಂಡಿದ್ದೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕುರು ಕೊಯ್ಯುತ್ತಲೇ ತಲೆ ನರೆತವನಿಗೆ ಬೇರೆ ವಿಷಯ ಹೊಳೆಯುವುದೂ ಕಷ್ಟ. ಊಟಕ್ಕೆ ಎಲೆ ಹಾಕುವ ಮುಂಚೆ ಮುಗಿಸುತ್ತೇನೆ, ಹೆದರಬೇಡಿ.

ನಮ್ಮ ಸೀಮೆಯಲ್ಲಿ ಬಿಸಿಲು ಏರಿದ ಹಾಗೆ ಕುರುವೂ ಏಳುತ್ತದೆ. ಮಕ್ಕಳ ತಲೆಯಲ್ಲಿ, ಕುತ್ತಿಗೆಯಲ್ಲಿ, ಕಂಕುಳಲ್ಲಿ, ಕೂತುಕೊಳ್ಳಲೂ ಆಗದ ಜಾಗದಲ್ಲಿ. ಸಕ್ಕರೆ ಕಾಯಿಲೆಯವರಿಗೆ ಬೆನ್ನಿನ ಮೇಲೆ ಜೇನುಗೂಡಿನಂತೆ ಹಲವು ಕಣ್ಣು ಬಿಟ್ಟುಕೊಂಡು ಬರುವ ಬೆನ್ನುಫಣಿ. ಇದಕ್ಕೆಲ್ಲ ಮನೆಯವರು ಹೇಳುವ ಕಾರಣ ಒಂದೇ: ಉಷ್ಣ. ಮಾವಿನಹಣ್ಣು ತಿಂದ, ಬಿಸಿಲಲ್ಲಿ ಕುರಿ ಕಾಯಲು ಹೋದ, ಎಣ್ಣೆನೀರು ಬಿಟ್ಟ. ಮದ್ದೂ ಗೊತ್ತಿದ್ದದ್ದೇ. ಸುಣ್ಣ ಬೆಲ್ಲ ಕಲಸಿ ಹಚ್ಚುವುದು, ಈರುಳ್ಳಿ ಸುಟ್ಟು ಬಿಸಿಬಿಸಿಯಾಗಿ ಕಟ್ಟುವುದು, ಹಣ್ಣಾಗಲಿ ಎಂದು ಕಾಯುವುದು. ಹಣ್ಣಾಗಿ ಒಡೆದು ಕೀವು ಹರಿದರೆ ಅಜ್ಜಿಯರಿಗೆ ಸಮಾಧಾನ. ಈ ಮದ್ದುಗಳನ್ನು ಹೀಯಾಳಿಸಲು ನಾನು ಬಂದಿಲ್ಲ. ಕಾವು ಕೊಡುವುದು, ಕೀವಿಗೆ ದಾರಿ ಮಾಡುವುದು, ಈ ಎರಡು ಅಂಶದಲ್ಲಿ ಅಜ್ಜಿಯರು ಸರಿಯಾಗಿಯೇ ಇದ್ದರು. ಸುಣ್ಣ ಚರ್ಮ ಸುಡುತ್ತದೆ, ಅದೊಂದನ್ನು ಬಿಡಿ.

ಈಗ ಈ ಸಾಲಿಗೆ ಇನ್ನೊಂದು ಮದ್ದು ಸೇರಿದೆ. ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಡಿಕಲ್ ಶಾಪಿಗೆ ಹೋಗುತ್ತಾಳೆ. “ಅಣ್ಣಾ, ಹುಡುಗನಿಗೆ ಕುರು ಎದ್ದೈತೆ, ಒಂದು ಪವರ್ ಇರೋ ಮಾತ್ರೆ ಕೊಡು.” “ಎಷ್ಟು ದಿನಕ್ಕೆ ಕೊಡ್ಲಮ್ಮ?” “ಎಲ್ಡು ದಿನದ್ದು ಸಾಕು, ಇವತ್ತು ಅಷ್ಟೇ ದುಡ್ಡು ತಂದಿರೋದು.” ಕತ್ತರಿ ಸ್ಟ್ರಿಪ್ಪಿನ ಮೇಲೆ ಆಡುತ್ತದೆ, ನಾಲ್ಕು ಮಾತ್ರೆ ಕಾಗದದ ಪೊಟ್ಟಣಕ್ಕೆ ಬೀಳುತ್ತದೆ. ಸ್ಟ್ರಿಪ್ಪಿನ ಹಿಂದೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬೇಡಿ ಎಂದು 2016ರಲ್ಲಿ ಕೇಂದ್ರ ಸರ್ಕಾರ ಅದರ ಬಗ್ಗೆ ಪ್ರಚಾರ ಮಾಡಿತು. ಕತ್ತರಿಸುವಾಗ ಆ ಗೆರೆಯೂ ಎರಡು ತುಂಡಾಗುತ್ತದೆ. ಕುರು ಮಾತ್ರ ಈಗೀಗ ಆ ಮಾತ್ರೆಗೆ ಬಗ್ಗುತ್ತಿಲ್ಲ. ಯಾಕೆ ಎನ್ನುವುದೇ ಇವತ್ತಿನ ನನ್ನ ವಿಷಯ.

ಮೊದಲು ಕುರುವಿನ ಒಳಗೆ ಇರುವವರು ಯಾರು ನೋಡೋಣ. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ರೋಗಿಯೊಬ್ಬನ ಕಾಲಿನ ಬಾವು ಕೊಯ್ದು, ಬಂದ ಕೀವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ಗೊಂಚಲು ಗೊಂಚಲಾಗಿ ದುಂಡನೆಯ ಜೀವಿಗಳು ಕಂಡವು. ಗಾಯದಲ್ಲಿ ಕೀವಾಗುವುದು ವಾಸಿಯಾಗುವ ಲಕ್ಷಣ, ಅದು ಒಳ್ಳೆಯದು ಎಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲ ಅದು. ನಮ್ಮ ಅಜ್ಜಿಯರಷ್ಟೇ ಅಲ್ಲ ನೋಡಿ. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಕೊಟ್ಟ ಐವತ್ತು ಪೌಂಡು ಹಿಡಿದುಕೊಂಡು ಆತ ಮನೆಯ ಹಿತ್ತಲಲ್ಲೇ ಒಂದು ಪ್ರಯೋಗಶಾಲೆ ಮಾಡಿಕೊಂಡ. ಆ ಜೀವಿಗೆ ಸ್ಟ್ಯಾಫಿಲೋಕಾಕಸ್ ಎಂದು ಹೆಸರಿಟ್ಟವನೂ ಅವನೇ. ವೈದ್ಯರ ಬಾಯಲ್ಲಿ ಅದು ಸ್ಟ್ಯಾಫ್.

ಸ್ಟ್ಯಾಫ್ ಹೊರಗಿನಿಂದ ಬಂದ ಕಳ್ಳನಲ್ಲ. ಈ ಸಭೆಯಲ್ಲಿ ಕೂತಿರುವ ಆರೋಗ್ಯವಂತರಲ್ಲೇ ಸುಮಾರು ಮೂರರಲ್ಲಿ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಅದು ಈಗಲೂ ಇದೆ. ಅಲ್ಲಿದ್ದಾಗ ಯಾರಿಗೂ ತೊಂದರೆಯಿಲ್ಲ. ಮೂಗು ಮುಟ್ಟಿದ ಬೆರಳು ತುರಿಸಿದ ಚರ್ಮಕ್ಕೆ ಹೋದಾಗ, ಕಜ್ಜಿಯಿಂದಲೋ ಕ್ಷೌರದ ಬ್ಲೇಡಿನಿಂದಲೋ ಚರ್ಮ ಬಿಚ್ಚಿದಾಗ, ಒಳಗೆ ಇಳಿಯುತ್ತದೆ. ಬಹುಪಾಲು ಸಲ ಕುರುವಿನಲ್ಲೇ ಮುಗಿಯುತ್ತದೆ. ಕೆಲವೊಮ್ಮೆ ರಕ್ತಕ್ಕೆ ಹೋಗಿ ಮಕ್ಕಳ ಮೂಳೆಯಲ್ಲಿ, ಕೀಲಿನಲ್ಲಿ, ಶ್ವಾಸಕೋಶದಲ್ಲಿ ಕೂರುತ್ತದೆ. ಆಗ ಜೀವದ ಪ್ರಶ್ನೆ.

ಪೆನಿಸಿಲಿನ್ ಬಂದಾಗ ಸ್ಟ್ಯಾಫ್ ಮುಗಿಯಿತು ಎಂದುಕೊಂಡಿದ್ದರು. 1940ರ ದಶಕ ಮುಗಿಯುವುದರೊಳಗೆ ಆಸ್ಪತ್ರೆಗಳ ಸ್ಟ್ಯಾಫ್ ಪೆನಿಸಿಲಿನ್ನನ್ನು ಒಡೆದು ಹಾಕುವ ರಸ ತಯಾರಿಸಲು ಕಲಿತಿತ್ತು. ಆ ರಸಕ್ಕೆ ಒಡೆಯದಂಥ ಮೆಥಿಸಿಲಿನ್ ಎಂಬ ಔಷಧಿ 1959ರಲ್ಲಿ ಬಂತು. 1961ರಲ್ಲಿ ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯದ ಪೆಟ್ರೀಷಿಯಾ ಜೆವನ್ಸ್ ಎಂಬಾಕೆ ಐದು ಸಾವಿರಕ್ಕೂ ಹೆಚ್ಚು ಸ್ಟ್ಯಾಫ್ ಮಾದರಿಗಳನ್ನು ಜಾಲಾಡಿ, ಮೆಥಿಸಿಲಿನ್ನಿಗೂ ಜಗ್ಗದ ಮೂರನ್ನು ಹುಡುಕಿ ವರದಿ ಮಾಡಿದಳು. ಅಲ್ಲಿಂದ ಇಂಥ ಸ್ಟ್ಯಾಫಿನ ಹೆಸರಾಗಿ ಎಂ.ಆರ್.ಎಸ್.ಎ. ಎಂಬ ನಾಲ್ಕಕ್ಷರ ವೈದ್ಯರ ನಾಲಿಗೆಗೆ ಅಂಟಿಕೊಂಡಿತು.

ಇದು ಹೇಗೆ ತಪ್ಪಿಸಿಕೊಳ್ಳುತ್ತದೆ? ಬ್ಯಾಕ್ಟೀರಿಯಾ ಬದುಕಬೇಕಾದರೆ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತಲೇ ಇರಬೇಕು. ಪೆನಿಸಿಲಿನ್ ಜಾತಿಯ ಔಷಧಿ ಗೋಡೆ ಕಟ್ಟುವ ಮೇಸ್ತ್ರಿಯ ಕೈ ಹಿಡಿದುಬಿಡುತ್ತದೆ, ಗೋಡೆ ಅರ್ಧಕ್ಕೆ ನಿಂತು ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಎಂ.ಆರ್.ಎಸ್.ಎ. ಬೇರೆ ಕಡೆಯಿಂದ ಮೆಕ್-ಎ ಎಂಬ ಜೀನ್ ಒಂದನ್ನು ತಂದುಕೊಂಡಿದೆ. ಅದು ಇನ್ನೊಬ್ಬ ಮೇಸ್ತ್ರಿಯನ್ನು ಒದಗಿಸುತ್ತದೆ, ಅವನ ಕೈಗೆ ಈ ಔಷಧಿಯ ಹಿಡಿತ ಸಿಗುವುದಿಲ್ಲ. ಪರಿಣಾಮ ಏನೆಂದರೆ ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಿಕ್ಸಿಮ್, ದಿನಕ್ಕೊಂದರಂತೆ ಚುಚ್ಚುವ ಸೆಫ್‌ಟ್ರಯಾಕ್ಸೋನ್, ಎಲ್ಲವೂ ಒಂದೇ ಏಟಿಗೆ ಕೆಲಸಕ್ಕೆ ಬಾರದವು. ಮೆಡಿಕಲ್ ಶಾಪಿನಲ್ಲಿ ‘ಪವರ್ ಜಾಸ್ತಿ’ ಎಂದು ಕೊಡುವ ಮಾತ್ರೆಗಳಲ್ಲಿ ಅರ್ಧಕ್ಕರ್ಧ ಇದೇ ಕುಟುಂಬದವು.

ಒಂದು ಸಂಗತಿ ಮಕ್ಕಳಿಗೆ ಹಿಡಿಸಬಹುದು. ಯುರೋಪಿನ ಮುಳ್ಳುಹಂದಿಗಳಂಥ ಪುಟ್ಟ ಪ್ರಾಣಿ ಹೆಡ್ಜ್‌ಹಾಗ್. ಅದರ ಚರ್ಮದ ಮೇಲೆ ಬೆಳೆಯುವ ಒಂದು ಬೂಷ್ಟು ತಾನೇ ಪೆನಿಸಿಲಿನ್ ತಯಾರಿಸುತ್ತದೆ. ಆ ಬೂಷ್ಟಿನ ಜೊತೆ ಏಗಿ ಏಗಿ, ಮನುಷ್ಯ ಆಂಟಿಬಯೋಟಿಕ್ ಕಂಡುಹಿಡಿಯುವ ಎಷ್ಟೋ ಮುಂಚೆಯೇ, ಒಂದು ಬಗೆಯ ಎಂ.ಆರ್.ಎಸ್.ಎ. ಆ ಪ್ರಾಣಿಯ ಮೈಮೇಲೆ ಹುಟ್ಟಿತ್ತು ಎಂದು 2022ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಂದರೆ ಈ ವಿದ್ಯೆ ಪ್ರಕೃತಿಯಲ್ಲಿ ಮೊದಲೇ ಇತ್ತು. ನಾವು ಮಾಡಿದ್ದು ಅದಕ್ಕೆ ಮೇವು ಹಾಕಿದ್ದು.

ಬಹಳ ಕಾಲ ಎಂ.ಆರ್.ಎಸ್.ಎ. ಆಸ್ಪತ್ರೆಯ ರೋಗವಾಗಿಯೇ ಇತ್ತು. ಆಪರೇಷನ್ ಆದವರು, ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು, ನಳಿಗೆ ಹಾಕಿಸಿಕೊಂಡವರು ಅದರ ಬಾಯಿಗೆ ಬೀಳುತ್ತಿದ್ದರು. ಊರೊಳಗೆ ಅದು ಬಂದದ್ದು ಎಲ್ಲಿ ಕಾಣಿಸಿಕೊಂಡಿತು ಗೊತ್ತೆ? ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಎಂಬ ಸೀಮೆಯಲ್ಲಿ. ದೂರದೂರದ ಹಟ್ಟಿಗಳು, ದನ ಮೇಯುವ ಬಯಲು, ಕಿಕ್ಕಿರಿದ ಪುಟ್ಟ ಮನೆಗಳು, ಮಕ್ಕಳ ಮೈತುಂಬ ಕಜ್ಜಿ. 1990ರ ದಶಕದ ಆರಂಭದಲ್ಲಿ ಅಲ್ಲಿನ ಮೂಲನಿವಾಸಿಗಳಲ್ಲಿ, ಆಸ್ಪತ್ರೆಯ ಮೆಟ್ಟಿಲು ಹತ್ತದವರಲ್ಲೂ, ಎಂ.ಆರ್.ಎಸ್.ಎ. ಸಿಕ್ಕಿತು. ಆ ವರ್ಣನೆ ಓದಿದಾಗ ನನಗೆ ನಮ್ಮ ಚಳ್ಳಕೆರೆ ಕಾವಲುಗಳ ನೆನಪಾಗದೆ ಇರಲಿಲ್ಲ.

ಜಗತ್ತು ಎಚ್ಚೆತ್ತುಕೊಂಡದ್ದು ಮಾತ್ರ ಅಮೆರಿಕದಲ್ಲಿ ಮಕ್ಕಳು ಸತ್ತ ಮೇಲೆ. 1997ರಿಂದ 1999ರ ನಡುವೆ ಮಿನ್ನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಲ್ಲಿ ನಾಲ್ಕು ಮಕ್ಕಳು ಇದರಿಂದ ತೀರಿಕೊಂಡರು. ಹೆಚ್ಚಿನವರು ಹಳ್ಳಿಗಾಡಿನ ಮಕ್ಕಳು. ಅಮೆರಿಕದ ಆಸ್ಪತ್ರೆಗಳಲ್ಲಿ ಅವರಿಗೆ ಮೊದಲು ಕೊಟ್ಟದ್ದು ಸೆಫಲೋಸ್ಪೋರಿನ್ ಚುಚ್ಚುಮದ್ದು, ಅಂದರೆ ನಾನು ಈಗಷ್ಟೇ ಹೇಳಿದ ಆ ಕೆಲಸಕ್ಕೆ ಬಾರದ ಕುಟುಂಬದ್ದು. ಅಲ್ಲಿನ ವೈದ್ಯರು ದಡ್ಡರಾಗಿರಲಿಲ್ಲ. ಊರಿನ ಕೀವಿನಲ್ಲಿ ಏನಿದೆ ಎಂದು ಅವರಿಗೆ ಅಂದಾಜಿರಲಿಲ್ಲ ಅಷ್ಟೆ.

ಊರಿನ ಈ ತಳಿಗೂ ಆಸ್ಪತ್ರೆಯ ಹಳೆಯ ತಳಿಗೂ ಒಂದು ವ್ಯತ್ಯಾಸ ಇದೆ. ಆಸ್ಪತ್ರೆಯದು ಪ್ರತಿರೋಧದ ಜೀನುಗಳ ದೊಡ್ಡ ಹೊರೆ ಹೊತ್ತುಕೊಂಡಿತ್ತು, ಔಷಧಿಯ ಮಳೆ ಸುರಿಯದ ಕಡೆ ಅದು ಸೊರಗುತ್ತಿತ್ತು. ಊರಿನದು ಮೆಕ್-ಎ ಇರುವ ತುಣುಕನ್ನು ಚಿಕ್ಕದು ಮಾಡಿ ಇಟ್ಟುಕೊಂಡಿದೆ, ಹಗುರವಾಗಿ ಓಡಾಡುತ್ತದೆ, ಬೇಗ ಬೆಳೆಯುತ್ತದೆ. ಅದರಲ್ಲಿ ಬಹಳಷ್ಟಕ್ಕೆ ಬಿಳಿ ರಕ್ತಕಣಗಳನ್ನು ತೂತು ಮಾಡುವ ಒಂದು ವಿಷವೂ ಇದೆ. ಆರೋಗ್ಯವಾಗಿ ಕುಣಿದಾಡುವ ಹುಡುಗನಿಗೂ ಇದು ಬರುವುದು ಅದಕ್ಕೇ.

ನಮ್ಮ ಕಡೆಯ ಸಮಾಚಾರ ಏನು? ಮಂಗಳೂರಿನ ಚರ್ಮವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊರಲ್ಲೇ ಹತ್ತಿದ ಕೀವುಗುಳ್ಳೆಗಳ ಸ್ಟ್ಯಾಫ್‌ನಲ್ಲಿ ಸುಮಾರು ಹತ್ತಕ್ಕೊಂದು ಎಂ.ಆರ್.ಎಸ್.ಎ. ಆಗಿತ್ತು. ಆಗ ಅದೇ ಹೆಚ್ಚು ಅನ್ನಿಸಿತ್ತು. ಬೆಂಗಳೂರಿನ ಐ.ಐ.ಎಸ್‌ಸಿ. ಆವರಣದಲ್ಲಿ ಗಾಯತ್ರಿ ಅರಕೆರೆ ಮತ್ತು ಸಂಗಡಿಗರು ರೋಗಿಗಳ ಕೀವನ್ನಷ್ಟೇ ಅಲ್ಲದೆ ಆರೋಗ್ಯವಂತರ ಮೂಗನ್ನೂ ಪರೀಕ್ಷಿಸಿದರು. ಇಂಗ್ಲೆಂಡಿನ ಆಸ್ಪತ್ರೆಗಳನ್ನು ಕಾಡಿದ ಒಂದು ತಳಿಯ ಬಳಗದವು ಇಲ್ಲಿ ಏನೂ ಕಾಯಿಲೆ ಇಲ್ಲದವರ ಮೂಗಿನಲ್ಲೂ ಇವೆ ಎಂದು 2010ರಲ್ಲಿ ತಿಳಿಸಿದರು. ಅದೇ ಐ.ಐ.ಎಸ್‌ಸಿ.ಗೆ ನಮ್ಮ ಕುದಾಪುರದ ಕಾವಲಿನಲ್ಲಿ ಸಾವಿರದೈನೂರು ಎಕರೆ ಕೊಟ್ಟಿದ್ದೇವೆ. ಆ ಕಾವಲಿನ ಸುತ್ತಲಿನ ಹಟ್ಟಿಗಳ ಮೂಗನ್ನೂ ಒಮ್ಮೆ ನೋಡಿ ಎಂದು ಕೇಳುವ ಹಕ್ಕು ನಮಗಿದೆ ಎಂದೇ ನನ್ನ ಎಣಿಕೆ.

ನಮಗೆ ತೀರಾ ಹತ್ತಿರದ ಲೆಕ್ಕ ಸಿಗುವುದು ಕರ್ನಾಟಕದಲ್ಲಲ್ಲ. ಗಡಿಯಾಚೆ, ಅಂದಿನ ಅನಂತಪುರ ಜಿಲ್ಲೆಯ ಬತ್ತಲಪಲ್ಲಿಯಲ್ಲಿ. ವಿನ್ಸೆಂಟ್ ಫೆರರ್ ಕಟ್ಟಿದ ಆರ್.ಡಿ.ಟಿ. ಸಂಸ್ಥೆಯ ಗ್ರಾಮೀಣ ಆಸ್ಪತ್ರೆ ಅಲ್ಲಿದೆ. ನಮ್ಮದೇ ಕೆಂಪು ನೆಲ, ನಮ್ಮದೇ ಕಡಲೆಕಾಯಿ ಬೆಳೆ, ನಮ್ಮ ಹಾಗೆಯೇ ಮಳೆ ನೋಡುತ್ತ ಕೂರುವ ಜನ. ಮೊಳಕಾಲ್ಮುರಿನವರಿಗೆ ರಾಯದುರ್ಗದಲ್ಲಿ ನೆಂಟರು, ರಾಯದುರ್ಗದವರಿಗೆ ಅನಂತಪುರದಲ್ಲಿ ನೆಂಟರು. ಅಲ್ಲಿನ ಇಬ್ಬರು ವೈದ್ಯರು 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಸ್ಪತ್ರೆಯ ಸಂಪರ್ಕವಿಲ್ಲದೆ ಊರಲ್ಲೇ ಹತ್ತಿದ ಸ್ಟ್ಯಾಫ್ ಸೋಂಕುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಂ.ಆರ್.ಎಸ್.ಎ. ಮಂಗಳೂರಿನ ಹತ್ತಕ್ಕೊಂದು ಎಲ್ಲಿ, ಇದೆಲ್ಲಿ. ಸಾದಾ ಕುರು ಆದವರು ಆಸ್ಪತ್ರೆಗೆ ಬರುವುದಿಲ್ಲ, ಗಡುಸಾದವೇ ಬರುತ್ತವೆ, ಹಾಗಾಗಿ ಈ ಲೆಕ್ಕ ತುಸು ಏರಿಯೇ ಕಾಣಬಹುದು. ಅರ್ಧಕ್ಕೆ ಇಳಿಸಿಕೊಂಡರೂ ಮೂರು ಕುರುವಿಗೆ ಒಂದು. ಇಡೀ ದೇಶದ ದೊಡ್ಡ ಆಸ್ಪತ್ರೆಗಳ ಜಾಲವೊಂದು 2008ರಲ್ಲಿ ಶೇಕಡಾ 42, 2009ರಲ್ಲಿ ಶೇಕಡಾ 40 ಎಂದು ಹೇಳಿತ್ತು. ಆಸ್ಪತ್ರೆಗೂ ಹಳ್ಳಿಗೂ ನಡುವೆ ಇದ್ದ ಗೋಡೆ ಬಿದ್ದಿದೆ ಎಂದೇ ಇದರ ಅರ್ಥ.

ಇದು ಹೊರದೇಶದ ಪಿಡುಗು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಂಗಾಲ್ ಬೇ ಎಂದು ಕರೆಯುವ, ಎಸ್.ಟಿ. 772 ಎಂಬ ಅಂಕಿಯ ತಳಿ ನಮ್ಮ ಉಪಖಂಡದಲ್ಲೇ ಹುಟ್ಟಿ, ಒಂದರ ಮೇಲೊಂದು ಔಷಧಿಯ ಪ್ರತಿರೋಧವನ್ನು ಕೂಡಿಸಿಕೊಂಡು, 1990ರ ದಶಕದಿಂದ ಬಲಿತು, ಪ್ರಯಾಣಿಕರ ಮೈಮೇಲೆ ಬೇರೆ ಖಂಡಗಳಿಗೆ ಹೋಗಿದೆ ಎಂದು ಜೀನೋಮುಗಳನ್ನು ಹೋಲಿಸಿದ ವಿಜ್ಞಾನಿಗಳು 2019ರಲ್ಲಿ ಬರೆದರು. ನಾವು ರಫ್ತು ಮಾಡಿದ ಸರಕುಗಳಲ್ಲಿ ಇದೂ ಒಂದು. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಎಂ.ಆರ್.ಎಸ್.ಎ. ಪ್ರತಿರೋಧದ ಕಾರಣಕ್ಕೇ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು.

ಗುಳಿಗೆಯ ವಿಷಯಕ್ಕೆ ಮರಳೋಣ. ಕೋರ್ಸ್ ಪೂರ್ತಿ ಮಾಡದೆ ಬಿಟ್ಟದ್ದೇ ತಪ್ಪು ಎಂದು ಎಲ್ಲರೂ ಬೈಯುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಕುರುವಿಗೆ ಎಂದು ನುಂಗಿದ ಮಾತ್ರೆ ಕುರುವಿಗಷ್ಟೇ ಹೋಗುವುದಿಲ್ಲ, ಮೈಯೆಲ್ಲ ಹೋಗುತ್ತದೆ. ನೆಗಡಿ ಕೆಮ್ಮಿಗೆ ಎಂದು ನುಂಗಿದ ಅಜಿಥ್ರೋಮೈಸಿನ್ ಮೂಗಿನಲ್ಲಿ ಸುಮ್ಮನೆ ಇದ್ದ ಸಾಧು ಸ್ಟ್ಯಾಫನ್ನು ಕೊಲ್ಲುತ್ತದೆ, ಜಗ್ಗದ ಸ್ಟ್ಯಾಫಿಗೆ ಜಾಗ ಖಾಲಿ ಮಾಡಿಕೊಡುತ್ತದೆ. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆಯಿಂದ ಏನೂ ಆಗುವುದಿಲ್ಲ. ನಾಲ್ಕು ತಿಂಗಳ ಮೇಲೆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕುರು ಏಳುತ್ತದೆ, ಆಗ ಕೆಮ್ಮಿನ ಮಾತ್ರೆಯ ನೆನಪು ಯಾರಿಗೂ ಇರುವುದಿಲ್ಲ. ಹಳೆಯ ಮಾದರಿಗಳ ಜೀನೋಮು ಓದಿದ ಬ್ರಿಟನ್ನಿನ ವಿಜ್ಞಾನಿಗಳು 2017ರಲ್ಲಿ ಹೇಳಿದ್ದು ಇದಕ್ಕೆ ಸಾಕ್ಷಿ: ಎಂ.ಆರ್.ಎಸ್.ಎ. ಮೂಡಿದ್ದು ಮೆಥಿಸಿಲಿನ್ ಬಂದ ಮೇಲಲ್ಲ, ಅದಕ್ಕೂ ಹತ್ತು ಹದಿನೈದು ವರ್ಷ ಮುಂಚೆ, ಪೆನಿಸಿಲಿನ್ನಿನ ಧಾರಾಳ ಬಳಕೆಯ ಹೊತ್ತಿನಲ್ಲಿ. ಬೇಡದ ಕಡೆ ಕೊಟ್ಟ ಔಷಧಿ ಇನ್ನೂ ಹುಟ್ಟದ ಔಷಧಿಯನ್ನೂ ಕೆಡಿಸಿಬಿಟ್ಟಿತ್ತು.

ಮುಲಾಮುಗಳದು ಇನ್ನೊಂದು ಕಥೆ. ಹುಳುಕಡ್ಡಿಗೆ, ತುರಿಕೆಗೆ, ಮುಖ ಬೆಳ್ಳಗಾಗಲಿಕ್ಕೆ, ಎಲ್ಲದಕ್ಕೂ ಒಂದೇ ಟ್ಯೂಬು. ಅದರೊಳಗೆ ಸ್ಟಿರಾಯ್ಡು, ಆಂಟಿಬಯೋಟಿಕ್ಕು, ಬೂಷ್ಟು ಕೊಲ್ಲುವ ಔಷಧಿ, ಮೂರೂ. ಸ್ಟಿರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತದೆ, ಆಂಟಿಬಯೋಟಿಕ್ಕು ಚರ್ಮದ ಸ್ಟ್ಯಾಫಿಗೆ ತಾಲೀಮು ಕೊಡುತ್ತದೆ. 2018ರಲ್ಲಿ ಇಂಥ ಸ್ಟಿರಾಯ್ಡ್ ಮುಲಾಮುಗಳಿಗೆ ಚೀಟಿ ಕಡ್ಡಾಯ ಮಾಡಿದರು. ಟ್ಯೂಬಿನ ಮಾರಾಟ ಎಷ್ಟು ತಗ್ಗಿದೆ ಎಂದು ನಿಮಗೇ ಗೊತ್ತು.

ಹಾಗಾದರೆ ಕುರುವಿಗೆ ಏನು? ಕೊಯ್ತ. ಕೀವು ಕಟ್ಟಿದ ಕುರುವಿನ ಒಳಗೆ ರಕ್ತ ಓಡಾಡುವುದಿಲ್ಲ, ರಕ್ತ ಹೋಗದ ಕಡೆ ಮಾತ್ರೆಯೂ ಸರಿಯಾಗಿ ಹೋಗುವುದಿಲ್ಲ. ಮರಗಟ್ಟಿಸಿ, ಚಿಕ್ಕ ಕೊಯ್ತ ಹಾಕಿ, ಒಳಗಿನ ಗೂಡುಗಳನ್ನೆಲ್ಲ ಬಿಡಿಸಿ ಕೀವು ತೆಗೆದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಅಮೆರಿಕದ ಐದು ತುರ್ತು ಚಿಕಿತ್ಸಾ ಘಟಕಗಳಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪರೀಕ್ಷೆ ಒಂದಿದೆ. ಎಲ್ಲರ ಕುರುವನ್ನೂ ಕೊಯ್ದರು. ಅರ್ಧ ಜನಕ್ಕೆ ಕೋಟ್ರೈಮೊಕ್ಸಜೋಲ್ ಎಂಬ ಅಗ್ಗದ ಹಳೆಯ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಪೊಳ್ಳು ಮಾತ್ರೆ. ಪೊಳ್ಳು ಮಾತ್ರೆಯವರಲ್ಲೂ ನೂರಕ್ಕೆ 74 ಮಂದಿ ಗುಣವಾದರು. ನಿಜವಾದ ಮಾತ್ರೆಯವರಲ್ಲಿ 80 ಮಂದಿ. ಮಾತ್ರೆಯಿಂದ ಲಾಭ ಇದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆ ಆರೇಳು ಮಂದಿಯ ಲಾಭಕ್ಕೂ ಸರಿಯಾದ ಮಾತ್ರೆಯೇ ಬೇಕು. ಕೊಯ್ತದ ಜಾಗದಲ್ಲಿ ಮಾತ್ರೆಯನ್ನೇ ಇಟ್ಟರೆ ಏನಾಗುತ್ತದೆ ಎಂದು ನಾನು ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಚಿಕ್ಕ ಕುರು ಅಂಗೈಯಗಲ ಆಗಿ ಬರುತ್ತದೆ.

ಕೊಯ್ಯಬಾರದ, ಹಿಸುಕಲೂಬಾರದ ಜಾಗ ಒಂದಿದೆ. ಮೂಗು ಮತ್ತು ಮೇಲ್ದುಟಿಯ ಸುತ್ತ. ಅಲ್ಲಿನ ರಕ್ತನಾಳಗಳು ಮಿದುಳಿನ ಕಡೆಗೆ ದಾರಿ ಕೊಡುತ್ತವೆ. ಕನ್ನಡಿ ಮುಂದೆ ನಿಂತು ಉಗುರಿನಲ್ಲಿ ಒತ್ತುವ ಯುವಕರು ದಯವಿಟ್ಟು ಇದನ್ನು ನೆನಪಿಡಿ. ಜ್ವರ, ಚಳಿ, ಕೆಂಪು ಗಂಟೆಗಂಟೆಗೂ ಹರಡುವುದು, ಮಗು ಕಾಲು ಊರದೆ ಅಳುವುದು, ಸಕ್ಕರೆ ಕಾಯಿಲೆಯವರ ಬೆನ್ನುಫಣಿ, ಇವಕ್ಕೆ ಸುಟ್ಟ ಈರುಳ್ಳಿಯೂ ಬೇಡ, ಮೆಡಿಕಲ್ ಶಾಪೂ ಬೇಡ, ನೇರ ಆಸ್ಪತ್ರೆ.

ಎಂ.ಆರ್.ಎಸ್.ಎ. ಹರಡುವುದು ಮುಟ್ಟುವುದರಿಂದ, ಹಂಚಿಕೊಂಡ ವಸ್ತುವಿನಿಂದ. 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಎಂಬ ಫುಟ್ಬಾಲ್ ತಂಡದ ಐವರು ಆಟಗಾರರಿಗೆ ಎಂ.ಆರ್.ಎಸ್.ಎ. ಬಾವು ಬಂತು. ಮೈದಾನದಲ್ಲಿ ಬಿದ್ದು ಮೊಣಕೈ ಮೊಣಕಾಲು ತರಚಿಕೊಂಡವರು, ಒಂದೇ ಟವೆಲ್ಲಿನಲ್ಲಿ ಹಲವರು ಮೈ ಒರೆಸಿಕೊಂಡವರು. ಕೋಟಿಗಟ್ಟಲೆ ಸಂಬಳದ ತಂಡಕ್ಕೇ ಹೀಗಾದರೆ ನಮ್ಮ ಹಾಸ್ಟೆಲ್ ಹುಡುಗರ ಕಬಡ್ಡಿ ಅಂಗಳದ ಮಾತೇನು. ಒಂದು ಬಕೆಟ್ ನೀರಿಗೆ ಕ್ಯೂ ನಿಲ್ಲುವ ಕಡೆ ಕೈ ತೊಳೆಯಿರಿ ಎಂಬ ಪೋಸ್ಟರ್ ಅಂಟಿಸುವುದು ನನಗೆ ಅಣಕದ ಹಾಗೆ ಕಾಣುತ್ತದೆ. ಮೊದಲು ನಲ್ಲಿಗೆ ನೀರು ಬರಲಿ. ನೀರಿದ್ದಷ್ಟರಲ್ಲಿ ಮಾಡಬಹುದಾದದ್ದು ಇಷ್ಟು: ಒಬ್ಬೊಬ್ಬರಿಗೆ ಒಂದೊಂದು ಟವೆಲ್ಲು, ತರಚಿದ ಗಾಯ ಸೋಪಿನಿಂದ ತೊಳೆದು ಬಟ್ಟೆ ಸುತ್ತುವುದು, ಒಸರುವ ಕುರುವನ್ನು ಮುಚ್ಚಿಯೇ ಅಖಾಡಕ್ಕೆ ಇಳಿಯುವುದು, ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳುವುದು. ಚಳ್ಳಕೆರೆಯ ಕಂಬಳಿಯ ಬಗ್ಗೆ ಯಾರೋ ಬರುವಾಗಲೇ ಕೇಳಿದರು. ಕಂಬಳಿಯ ಮೇಲೆ ಗೂಬೆ ಕೂರಿಸುವುದು ಬೇಡ. ಸ್ಟ್ಯಾಫ್ ಒಣ ಬಟ್ಟೆಯ ಮೇಲೆ ದಿನಗಟ್ಟಲೆ ಉಳಿಯುತ್ತದೆ ನಿಜ, ಹತ್ತಿಯ ಮೇಲೂ ಪಾಲಿಯೆಸ್ಟರಿನ ಮೇಲೂ ಉಳಿಯುತ್ತದೆ. ಕುರು ಇದ್ದವರ ಹೊದಿಕೆ ಬೇರೆ ಇರಲಿ ಸಾಕು.

ದನ ಕುರಿ ಸಾಕಿದವರಿಗೂ ಒಂದು ಮಾತು. ಕೆಚ್ಚಲು ಬಾವಿಗೆ ಸ್ಟ್ಯಾಫ್ ಒಂದು ಮುಖ್ಯ ಕಾರಣ. ಮೊಲೆಯೊಳಕ್ಕೆ ಏರಿಸುವ ಟ್ಯೂಬು ಆಂಟಿಬಯೋಟಿಕ್ಕೇ. ಪಶುವೈದ್ಯರನ್ನು ಕೇಳದೆ ಏರಿಸಬೇಡಿ, ಏರಿಸಿದ ದಿನಗಳ ಹಾಲನ್ನು ಡೈರಿಗೆ ಹಾಕಬೇಡಿ, ಮನೆ ಮಕ್ಕಳಿಗೂ ಕುಡಿಸಬೇಡಿ.

ಔಷಧಿ ಅಂಗಡಿಯವರನ್ನು ಬೈದು ಕೂರುವುದು ಸುಲಭ. 2014ರಲ್ಲಿ 46 ಔಷಧಿಗಳೊಂದಿಗೆ ಜಾರಿಗೆ ಬಂದ ಎಚ್-1 ಪಟ್ಟಿಯ ಔಷಧಿಗಳಿಗೆ ಪ್ರತ್ಯೇಕ ಪುಸ್ತಕ ಇಡಬೇಕು, ಚೀಟಿ ಬರೆದ ವೈದ್ಯರ ಮತ್ತು ರೋಗಿಯ ಹೆಸರು ದಾಖಲಿಸಬೇಕು, ಮೂರು ವರ್ಷ ಕಾಪಾಡಬೇಕು. ಮಾಡುವವರು ಮಾಡುತ್ತಾರೆ. ಆದರೆ ಚೀಟಿ ಬರೆಯುವ ನಾವೇನು ಕಂಡು ಬರೆಯುತ್ತೇವೆ? ಹಳ್ಳಿಯ ಕುರುವಿನ ಕೀವು ಬಹುತೇಕ ಹತ್ತಿಯಲ್ಲಿ ಒರೆಸಿ ಕಸದ ಬುಟ್ಟಿಗೆ ಹೋಗುತ್ತದೆ. ಪರೀಕ್ಷೆಗೆ ಹೋಗುವುದಿಲ್ಲ. ಹಾಗಾಗಿ ವೈದ್ಯ ಅಂದಾಜಿನಲ್ಲಿ ಬರೆಯುತ್ತಾನೆ, ಅಂಗಡಿಯವನು ಆ ಚೀಟಿಯನ್ನು ನೋಡಿ ನೋಡಿ ಕಲಿತು ಅಂದಾಜಿನಲ್ಲಿ ಕೊಡುತ್ತಾನೆ. ಇಬ್ಬರಿಗೂ ತಳಕಿನ ಕೀವಿನಲ್ಲಿ ಏನಿದೆ ಗೊತ್ತಿಲ್ಲ. ಬತ್ತಲಪಲ್ಲಿಯ ವೈದ್ಯರಿಗೆ ತಮ್ಮದು ಗೊತ್ತು, ಅದಕ್ಕೇ ಅವರ ಲೆಕ್ಕವನ್ನು ನಾನು ಇಲ್ಲಿ ಬಂದು ಓದಬೇಕಾಯಿತು.

ಕೀವಿನ ಪರೀಕ್ಷೆ ರಾಕೆಟ್ ವಿದ್ಯೆಯಲ್ಲ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಸೆಫಾಕ್ಸಿಟಿನ್ ಎಂಬ ಔಷಧಿಯ ಪುಟ್ಟ ಬಿಲ್ಲೆ ಇಡುತ್ತಾರೆ. ಬಿಲ್ಲೆಯ ಸುತ್ತ ಖಾಲಿ ವೃತ್ತ ದೊಡ್ಡದಾಗಿ ಬಿದ್ದರೆ ಸಾದಾ ಸ್ಟ್ಯಾಫ್, ಚಿಕ್ಕದಾದರೆ ಎಂ.ಆರ್.ಎಸ್.ಎ. ಎರಡು ಮೂರು ದಿನದಲ್ಲಿ ವರದಿ. ಎರಿಥ್ರೋಮೈಸಿನ್ ಮತ್ತು ಕ್ಲಿಂಡಾಮೈಸಿನ್ ಬಿಲ್ಲೆಗಳನ್ನು ಅಕ್ಕಪಕ್ಕ ಇಟ್ಟರೆ, ತಟ್ಟೆಯಲ್ಲಿ ಕೆಲಸ ಮಾಡಿದ ಕ್ಲಿಂಡಾಮೈಸಿನ್ ಮೈಯಲ್ಲಿ ಕೈಕೊಡುತ್ತದೆಯೇ ಎಂದೂ ತಿಳಿಯುತ್ತದೆ.

ದತ್ತಿ ಇಟ್ಟ ಮನೆಯವರ ಮುಂದೆ ಒಂದು ಬೇಡಿಕೆ ಇಟ್ಟು ನಿಲ್ಲಿಸುತ್ತೇನೆ. ಬರುವ ವರ್ಷ ಈ ಉಪನ್ಯಾಸಕ್ಕೆ ಶಾಲು ಹಾರ ಬೇಡ. ಆ ದುಡ್ಡಿನಲ್ಲಿ ಕೀವು ಸಾಗಿಸುವ ಸ್ವ್ಯಾಬ್ ಕೊಳವೆಗಳನ್ನು ಕೊಂಡು ಈ ಹೋಬಳಿಯ ಆರೋಗ್ಯ ಕೇಂದ್ರಗಳಿಗೆ ಕೊಡಿ. ಕುರು ಕೊಯ್ದ ಪ್ರತಿಯೊಬ್ಬರ ಕೀವೂ ಕೊಳವೆಗೆ ಹೋಗಲಿ, ಮೇಲೆ ವಯಸ್ಸು, ಊರು, ಹಿಂದಿನ ಮೂರು ತಿಂಗಳಲ್ಲಿ ನುಂಗಿದ ಮಾತ್ರೆ, ಇಷ್ಟು ಬರೆದಿರಲಿ. ತಳಕಿನಿಂದ ಚಳ್ಳಕೆರೆ ದಾಟಿ ಚಿತ್ರದುರ್ಗಕ್ಕೆ ಸುಮಾರು ಐವತ್ತು ಕಿಲೋಮೀಟರ್. ಬೆಳಗಿನ ಬಸ್ಸಿಗೆ ಕೊಟ್ಟರೆ ಮಧ್ಯಾಹ್ನದೊಳಗೆ ಜಿಲ್ಲೆಯ ಪ್ರಯೋಗಾಲಯ ಮುಟ್ಟುತ್ತದೆ. ಒಂದು ಬೇಸಿಗೆ ಹೀಗೆ ಕಳಿಸಿದರೂ ಸಾಕು, ಮುಂದಿನ ವರ್ಷ ಇಲ್ಲಿ ನಿಲ್ಲುವವರ ಕೈಯಲ್ಲಿ ಅನಂತಪುರದ ಲೆಕ್ಕದ ಬದಲು ಈ ಹೋಬಳಿಯದೇ ಲೆಕ್ಕ ಇರುತ್ತದೆ.